ನೋಣಯ್ಯ ತಿಮ್ಮಪ್ಪನ ಮುಡಿಪು ಬಿಚ್ಚಿದ್ದು

ಹಂಪನಕಟ್ಟೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಒಂದು ಲಾಡ್ಜು ಇತ್ತು. ಅದರ ಹದಿನೇಳು ಕೋಣೆಯ ಬೀಗದ ಕೈ, ಬಿಸಿನೀರು, ಬಂದವರ ಟ್ರಂಕು, ಎಲ್ಲ ನೋಣಯ್ಯನ ಮೇಲೆ. ಕೆಲಸದಲ್ಲಿ ಬಹಳ ಚುರುಕು. ಮಹಡಿಯಿಂದ ಯಾರಾದರೂ "ನೋಣಯ್ಯಾ, ಒಂದು" ಅಂದರೆ ಸಾಕು, ಆಸಾಮಿ ಅರ್ಧ ಮೆಟ್ಟಿಲು ಇಳಿದಾಗಿರುತ್ತಿತ್ತು. ಒಂದು ಎಂತ ಅಂತ ಕೇಳಲಿಕ್ಕೆ ಪುನಃ ಹತ್ತಿ ಬರಬೇಕು. ಮಾತನ್ನು ಕೊನೆಯವರೆಗೆ ಕೇಳುವ ಅಭ್ಯಾಸ ಅವನಿಗೆ ಮಗುವಾಗಿದ್ದಾಗಲೂ ಇರಲಿಲ್ಲವಂತೆ.

ನಯಾ ಪೈಸೆ ಬಂದ ಮರುವರ್ಷ, ಐವತ್ತೆಂಟರಲ್ಲಿ, ಉಡುಪಿ ಕಡೆಯ ಒಬ್ಬರು ಆಫೀಸರು ಮದ್ರಾಸಿನಿಂದ ಬಂದು ಒಂಬತ್ತನೇ ಕೋಣೆಯಲ್ಲಿ ನಾಲ್ಕು ದಿನ ಇದ್ದರು. ಅವರಿಗೆ ನಾಣ್ಯ ಕೂಡಿಡುವ ಹುಚ್ಚು. ಹೊರಡುವ ದಿನ ಬೆಳಿಗ್ಗೆ ಭೂತಗನ್ನಡಿ ಹಿಡಿದು ಮಂಚದ ಮೇಲೆ ಚಿಲ್ಲರೆ ಹರಡಿ ಕೂತಿದ್ದರು. ಕಾಫಿ ತಂದ ನೋಣಯ್ಯನನ್ನೂ ಕೂರಿಸಿಕೊಂಡರು.

"ಇಲ್ಲಿ ನೋಡು. ನಾಣ್ಯವನ್ನು ಬೆಳಕಿಗೆ ಸ್ವಲ್ಪ ಓರೆ ಮಾಡಿ ಹಿಡಿ. ಇಸವಿ ಉಂಟಲ್ಲ, ಅದರ ಕೆಳಗೆ ಎಳ್ಳಿನಷ್ಟು ವಜ್ರದ ಆಕಾರ ಕಾಣ್ತದಾ?"

"ಕಾಣ್ತದೆ ಸಾರ್!"

"ಅದು ಬೊಂಬಾಯಿಯ ಟಂಕಸಾಲೆಯಲ್ಲಿ ಹೊಡೆದದ್ದು. ವಜ್ರ ಒಡೆದ ಹಾಗೆ ಇದ್ದರೆ ಹೈದರಾಬಾದಿನದ್ದು. ರಾಜನ ಮುಖದ ಹಳೇ ಬೆಳ್ಳಿ ರೂಪಾಯಿಯಾದರೆ ಬೊಂಬಾಯಿಯವರು ಒಂದು ಸಣ್ಣ ಚುಕ್ಕಿ ಇಡ್ತಿದ್ದರು. ಇನ್ನು, ಗುರುತೇ ಇಲ್ಲ ಅಂತಾದರೆ..."

ಅಷ್ಟರಲ್ಲಿ ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ನೋಣಯ್ಯ ಟ್ರಂಕು ತಲೆಗೇರಿಸಿ ಓಡಿಯೇ ಓಡಿದ. ಆಫೀಸರು ಹಿಂದಿನಿಂದ ಹೇಳುತ್ತ ಬಂದರು, ಬಸ್ಸಿನ ಕಿಟಕಿಯಿಂದಲೂ ಕೂಗಿದರು, ಭೂತಗನ್ನಡಿಯನ್ನು ಬಕ್ಷೀಸು ಅಂತ ಕೈಗೆ ಹಾಕಿದರು. ಕನ್ನಡಿ ಸಿಕ್ಕಿತು, ಮಾತು ಸಿಕ್ಕಲಿಲ್ಲ.

ಉಳಿದದ್ದನ್ನು ನೋಣಯ್ಯ ತಾನೇ ತುಂಬಿಸಿಕೊಂಡ. ಗುರುತು ಇದ್ದದ್ದು ಸರ್ಕಾರದ್ದು. ಗುರುತು ಇಲ್ಲದ್ದು? ಖೋಟಾ! ಮತ್ತೆಂತ ಆಗಲಿಕ್ಕುಂಟು?

ಕುದ್ರೋಳಿಯ ಅವನ ಮನೆಯಲ್ಲಿ ದೇವರ ಪಟದ ಕೆಳಗೆ ಹಳದಿ ಬಟ್ಟೆಯ ಒಂದು ಗಂಟು ಇತ್ತು. ತಿರುಪತಿ ತಿಮ್ಮಪ್ಪನ ಮುಡಿಪು. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿಲ್ಲದೆ, ಹೆಂಡತಿ ದೇಯಿ ಇಪ್ಪತ್ತೊಂದು ಬೆಳ್ಳಿ ರೂಪಾಯಿಯ ಹರಕೆ ಹೇಳಿಕೊಂಡಿದ್ದಳು. ಮಗಳು ಮುದ್ದು ಹುಟ್ಟಿ ಆರು ವರ್ಷ ಆಯಿತು. ದೇಯಿ ಬೀಡಿ ಕಟ್ಟಿ ಒಂದೊಂದಾಗಿ ಸೇರಿಸಿದ್ದು ಹನ್ನೆರಡು. ಹಂಚಿನ ಕಾರ್ಖಾನೆಯಲ್ಲಿದ್ದ ಅವಳ ಅಣ್ಣ ಮಾಯಿಲಪ್ಪ ಮಗುವಿನ ಹೆಸರಿಡುವ ದಿನ ಕೆಂಪು ಚಿಂದಿಯಲ್ಲಿ ಕಟ್ಟಿ ತಂದದ್ದು ಒಂಬತ್ತು. ಬರುವ ತಿಂಗಳು ತಿರುಪತಿಗೆ ಹೊರಡುವುದು. ಮುಡಿಪಿಗೆ ಬಿದ್ದದ್ದು ದೇವರದ್ದು. ಅದನ್ನು ಬಿಚ್ಚಬಾರದು, ಬದಲಿಸಬಾರದು, ಇದು ಮುದ್ದುವಿಗೂ ಗೊತ್ತಿದ್ದ ಸಂಗತಿ.

ನೋಣಯ್ಯ ಬಿಚ್ಚಿದ. ಆ ಇಪ್ಪತ್ತೊಂದರಲ್ಲಿ ಒಂದಾದರೂ ಖೋಟಾ ಇದ್ದರೆ ತಿಮ್ಮಪ್ಪನಿಗೆ ಎಂತ ಮುಖ ತೋರಿಸುವುದು? ಕೊಟ್ಟ ಮಗುವನ್ನೇ ವಾಪಸು ಕೇಳಿದರೆ? ಬೆವರು ಒರೆಸುತ್ತ, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿದ. ಹತ್ತರಲ್ಲಿ ಚುಕ್ಕಿ ಇತ್ತು. ಹನ್ನೊಂದರಲ್ಲಿ ಎಂತದೂ ಇಲ್ಲ. ಅದರಲ್ಲೂ ಕೆಂಪು ಚಿಂದಿಯ ಒಂಬತ್ತಕ್ಕೆ ಒಂಬತ್ತೂ ಬೋಳು.

ಬೀಡಿ ಕೊಟ್ಟು ಬಂದ ದೇಯಿ ಬಾಗಿಲಲ್ಲೇ ನಿಂತಳು.

"ಎಂತ ಮಾಡಿದಿರಿ ನೀವು?"

"ದೇಯಿ, ನೀನು ಹೆದರಬೇಡ. ನಿನ್ನ ಅಣ್ಣನಿಗೆ ಯಾರೋ ಮೋಸ ಮಾಡಿದ್ದಾರೆ. ಒಂಬತ್ತೂ ಖೋಟಾ."

"ನನ್ನ ಅಣ್ಣ ಕೊಟ್ಟದ್ದಾ? ಹಂಚಿನ ಭಟ್ಟಿಯ ಎದುರು ಮೈ ಸುಟ್ಟುಕೊಂಡು ಉಳಿಸಿದ ರೂಪಾಯಿ!"

"ಭಟ್ಟಿಯಲ್ಲಿ ಸುಟ್ಟದ್ದು ಅವನ ಮೈ ಮಾತ್ರ. ರೂಪಾಯಿ ಬೇರೆ ಕಡೆಯದ್ದು."

ಈ ಮಾತು ಆಡಬಾರದಿತ್ತು. ಆವತ್ತಿನಿಂದ ದೇಯಿ ಅವನ ಎದುರು ಬರೀ ಗಂಜಿ ಇಟ್ಟಳು. ಉಪ್ಪಿನಕಾಯಿ ಇಲ್ಲ, ಒಣಮೀನಿನ ಚಟ್ನಿ ಇಲ್ಲ, ಮಾತೂ ಇಲ್ಲ. ಹೇಳುವುದು ಏನಾದರೂ ಇದ್ದರೆ ಬೆಕ್ಕಿಗೆ ಹೇಳುತ್ತಿದ್ದಳು. "ಕೇಳಿದೆಯಾ ಬೆಕ್ಕೇ, ಮುಡಿಪು ಬಿಚ್ಚಿದವರ ಸಂಗಡ ನಾನು ತಿರುಪತಿಗೆ ಹೋಗುವುದಿಲ್ಲ."

ನೋಣಯ್ಯ ಹನ್ನೊಂದು ರೂಪಾಯಿಯನ್ನು ಹಿಡಿದುಕೊಂಡು ಲಾಡ್ಜಿನ ಕೆಳಗಿನ ಅಂಗಡಿಯ ಅಹ್ಮದ್ ಬಾವನ ಹತ್ತಿರ ಹೋದ. ಬಾವ ನಲವತ್ತು ವರ್ಷದಿಂದ ಬೆಲ್ಲ, ಬೀಡಿ, ಸೀಮೆಎಣ್ಣೆ ಮಾರಿದವ. ರೂಪಾಯಿಯನ್ನು ಕಲ್ಲಿಗೆ ಬಡಿದ, ಕಿವಿ ಕೊಟ್ಟ.

"ಚೊಕ್ಕ ಬೆಳ್ಳಿಯ ಸ್ವರ ಮಾರಾಯ. ಎಂತ ಆಗಿದೆ ಇದಕ್ಕೆ?"

"ಗುರುತಿಲ್ಲ ಬಾವ, ಖೋಟಾ. ನಿಮ್ಮ ಗಲ್ಲಾಪೆಟ್ಟಿಗೆಯಲ್ಲೂ ಇರಬಹುದು, ನೋಡಲಾ?"

ಬೇಡ ಅನ್ನುವ ಮೊದಲೇ ಭೂತಗನ್ನಡಿ ಪೆಟ್ಟಿಗೆಯೊಳಗೆ ಇಳಿದಿತ್ತು. "ಇದು ಖೋಟಾ, ಇದೂ ಖೋಟಾ, ಇದು ಪರವಾಗಿಲ್ಲ, ಇದು ಖೋಟಾ." ಎದುರು ನಿಂತ ಗಿರಾಕಿಗಳು ಕೇಳಿಸಿಕೊಂಡರು. ಸಾಯಂಕಾಲದೊಳಗೆ ಸುದ್ದಿ ಇಡೀ ಹಂಪನಕಟ್ಟೆಯಲ್ಲಿ. ಮೊಟ್ಟೆ ಮಾರುವ ಆಗ್ನೆಸ್ ಬಾಯಿ, ವಜ್ರ ಇಲ್ಲದ ನಯಾ ಪೈಸೆಗೆ ಮೊಟ್ಟೆ ಇಲ್ಲ ಅಂದಳು. ಬಸ್ಸಿನ ಕಂಡಕ್ಟರು ಚಿಲ್ಲರೆ ಕೊಟ್ಟರೆ ಜನ ಬಿಸಿಲಿಗೆ ಹಿಡಿದು ನೋಡುತ್ತ ನಿಂತರು, ಇಳಿಯುವ ಜಾಗ ದಾಟಿ ಹೋಯಿತು. ಬಾವನ ಅಂಗಡಿಗೆ ಬಂದವರೆಲ್ಲ ಪೈಸೆಯನ್ನು ತಿರುಗಿಸಿ ಮುರುಗಿಸಿ, ಬೆಲ್ಲ ಅಲ್ಲೇ ಇಟ್ಟು ಹೋದರು.

ಮೂರನೇ ದಿನ ಬಾವ ಲಾಡ್ಜಿನ ಮೆಟ್ಟಿಲ ಬುಡಕ್ಕೇ ಬಂದ. ಕೈಯಲ್ಲಿ ಬ್ಯಾಂಕಿನಿಂದ ಆಗಷ್ಟೇ ತಂದ, ಸೀಲು ಒಡೆಯದ ನಯಾ ಪೈಸೆಯ ಚೀಲ.

"ಇಳಿ ಮಾರಾಯ! ನಡಿ ನಿನ್ನ ಮನೆಗೆ. ದೇಯಕ್ಕನ ಎದುರೇ ಒಡೆಯುವ."

ಕುದ್ರೋಳಿಯ ಅಂಗಳದಲ್ಲಿ ಚಾಪೆ ಹಾಸಿ ಚೀಲ ಸುರಿದರು. ತಾಮ್ರ ಫಳಫಳ ಹೊಳೆಯುತ್ತಿತ್ತು. ನೋಣಯ್ಯ ಮೊಣಕಾಲೂರಿ ನೋಡಿದ. ಒಂದರಲ್ಲಿ ಗುರುತಿಲ್ಲ. ಹತ್ತರಲ್ಲಿ ಇಲ್ಲ. ಐವತ್ತು ನೋಡಿದರೂ ಇಲ್ಲ.

"ಈಗ ಹೇಳು," ಅಂದ ಬಾವ. "ಸರ್ಕಾರವೇ ಖೋಟಾ ಹೊಡೆದು, ಸೀಲು ಹಾಕಿ, ಬ್ಯಾಂಕಿನಲ್ಲಿ ಇಡ್ತದಾ? ಅಥವಾ ನಿನ್ನ ತಲೆ ಖೋಟಾವಾ?"

ನೋಣಯ್ಯ ಐವತ್ತೊಂದನೆಯದನ್ನು ಎತ್ತಿ ಬೆಳಕಿಗೆ ಹಿಡಿದ. ದೇಯಿ ಚಾವಡಿಯಲ್ಲಿ ಬೀಡಿ ಎಲೆ ಕತ್ತರಿಸುತ್ತ ಎಲ್ಲ ಕೇಳುತ್ತಿದ್ದಳು.

"ಬಾವಣ್ಣ, ಮದುವೆಗೆ ಹತ್ತು ಮನೆಯ ಪಾತ್ರೆ ಕೇಳಿ ತರ್ತೇವಲ್ಲ," ಅಂದಳು. "ನಮ್ಮಂಥವರೆಲ್ಲ ನಮ್ಮ ನಮ್ಮ ಹೆಸರು ಕೊರೆಸಿರ್ತೇವೆ. ಊರಿನ ಯಜಮಾನರು, ಆ ಗುತ್ತಿನ ಮನೆಯವರ ದೊಡ್ಡ ಹಂಡೆಗೆ ಗುರುತು ಹಾಕಿದ್ದು ಉಂಟಾ? ಇಲ್ಲ. ಉಳಿದವರೆಲ್ಲ ಗುರುತು ಹಾಕಿದ ಮೇಲೆ, ಗುರುತಿಲ್ಲದ್ದು ಗುತ್ತಿನದ್ದು ಅಂತ ತಾನೇ ಗೊತ್ತಾಗ್ತದೆ. ಇದೂ ಹಾಗೇ ಯಾವುದೋ ದೊಡ್ಡ ಮನೆಯದ್ದು. ಬೆಕ್ಕೇ, ಅವರಿಗೆ ಹೇಳು, ಆ ಆಫೀಸರಿಗೆ ಒಂದು ಕಾರ್ಡು ಬರೆಸಲಿ."

ಲಾಡ್ಜಿನ ಪುಸ್ತಕದಲ್ಲಿ ವಿಳಾಸ ಇತ್ತು. ಗುಮಾಸ್ತರು ಬರೆದು ಹಾಕಿದರು. ಎಂಟನೇ ದಿನ ಮದ್ರಾಸಿನಿಂದ ಉತ್ತರ ಬಂತು. ಗುಮಾಸ್ತರು ಗಟ್ಟಿಯಾಗಿ ಓದಿದರು: "ಗುರುತು ಇಲ್ಲದ್ದು ಕಲ್ಕತ್ತಾದ ಟಂಕಸಾಲೆಯದ್ದು. ಖೋಟಾ ಅಲ್ಲ. ಇದನ್ನು ನಿನಗೆ ಮೂರು ಸಲ ಹೇಳಿದ್ದೇನೆ: ಕೋಣೆಯಲ್ಲಿ, ಮೆಟ್ಟಿಲಲ್ಲಿ, ಬಸ್ಸಿನ ಕಿಟಕಿಯಲ್ಲಿ."

ಆ ಕಾರ್ಡನ್ನು ನೋಣಯ್ಯ ಆಗ್ನೆಸ್ ಬಾಯಿಗೆ ತೋರಿಸಿದ, ಕಂಡಕ್ಟರಿಗೆ ತೋರಿಸಿದ, ಬಾವನ ಅಂಗಡಿಯ ಕಂಬಕ್ಕೆ ಎರಡು ದಿನ ಅಂಟಿಸಿಟ್ಟ. ಆದರೆ ಬಿಚ್ಚಿದ ಮುಡಿಪು ಬಿಚ್ಚಿದ್ದೇ ಅಲ್ಲವಾ? ತಿರುಪತಿಗೆ ಹೊರಡಲಿಕ್ಕೆ ಇನ್ನು ಹತ್ತು ದಿನ. ದೇಯಿ ಕೊನೆಗೆ ಬೆಕ್ಕನ್ನು ಬಿಟ್ಟು ಅವನಿಗೇ ನೇರ ಹೇಳಿದಳು.

"ತಪ್ಪು ಕಾಣಿಕೆ ಹಾಕಬೇಕು. ಮತ್ತೆ ನನ್ನ ಅಣ್ಣನನ್ನು ಮನೆಗೆ ಕರೆದು, ಮಾಡಿದ್ದನ್ನು ನೀವೇ ಬಾಯಿಬಿಟ್ಟು ಹೇಳಬೇಕು."

ಆದಿತ್ಯವಾರ ಮಾಯಿಲಪ್ಪ ಬಂದ. ಕೋಳಿ ಸಾರು, ರೊಟ್ಟಿ. ನೋಣಯ್ಯ ಎದುರು ಕೂತು, ಒಂದು ತುಂಡನ್ನೂ ಮುಟ್ಟದೆ, ತಡವರಿಸುತ್ತ ಎಲ್ಲ ಹೇಳಿದ. ಮಾಯಿಲಪ್ಪ ಎಲುಬು ಚೀಪುವುದನ್ನು ನಿಲ್ಲಿಸಲಿಲ್ಲ.

"ಒಂಬತ್ತೂ ಬೋಳಿತ್ತಾ?"

"ಹೌದು ಭಾವ. ತಪ್ಪಾಯಿತು."

"ಅದು ನಮ್ಮ ಅಜ್ಜಿಯದ್ದು. ಒಟ್ಟಿಗೇ ಒಂದು ಮಡಕೆಯಲ್ಲಿ ಇತ್ತು. ಭಟ್ಟಿಯ ಕೂಲಿ ಅಂತ ನಾನು ಸುಮ್ಮನೆ ಜಂಬಕ್ಕೆ ಹೇಳಿದ್ದು."

ದೇಯಿ ಸೌಟು ಹಿಡಿದುಕೊಂಡೇ ಅಣ್ಣನನ್ನು ನೋಡಿದಳು. ಮತ್ತೆ ಒಳಗೆ ಹೋಗಿ ಹಳದಿ ಬಟ್ಟೆ ತಂದು ಇಬ್ಬರ ನಡುವೆ ಹಾಸಿ, ಇಪ್ಪತ್ತೊಂದೂ ರೂಪಾಯಿಯನ್ನು ಅದರ ಮೇಲೆ ಇಟ್ಟಳು.

"ಇಬ್ಬರೂ ಹಾಕಿ ತಪ್ಪು ಕಾಣಿಕೆ."

ಗಂಡ ಒಂದು ರೂಪಾಯಿ ಹಾಕಿದ, ಅಣ್ಣ ಒಂದು ಹಾಕಿದ. ಇಪ್ಪತ್ತಮೂರಾಯಿತು. ದೇಯಿ ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಬಿಗಿದಳು.

"ಇನ್ನು ಇದನ್ನು ಬಿಚ್ಚುವುದಾದರೆ ತಿಮ್ಮಪ್ಪನೇ ಬಿಚ್ಚಲಿ," ಅಂದು ಗಂಡನ ಬಟ್ಟಲಿಗೆ ಸಾರು ಬಡಿಸಿದಳು.