ಹತ್ತು ನಿಮಿಷ ಮುಂದಿದ್ದ ಗಡಿಯಾರ

ನಾಗಮಂಗಲದ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ನನ್ನದೊಂದು ಟೀ ಅಂಗಡಿ. ಅದಕ್ಕೂ ಮೊದಲು ಇದೇ ಸ್ಟ್ಯಾಂಡಿನಲ್ಲಿ ಬಸ್ಸು ಕೂಗುತ್ತಿದ್ದವನು ನಾನು. ‘ಮೇಲ್ಕೋಟೆ, ಮೇಲ್ಕೋಟೆ, ಪಾಂಡಪುರಾ’ ಎಂದು ಗಂಟಲು ಹರಿದುಕೊಂಡರೆ ಮಲಗಿದ್ದ ನಾಯಿಯೂ ಎದ್ದು ಕೂರುತ್ತಿತ್ತು. ಒಂದು ದಿನ ಬಸ್ ಮಾಲೀಕರ ಸಂಘದವರು ಕಂಪ್ಯೂಟರು ತಂದಿಟ್ಟು ನನ್ನ ಗಂಟಲಿಗೆ ಕಾಯಂ ರಜೆ ಕೊಟ್ಟರು. ಆ ಕಂಪ್ಯೂಟರಿನ ಮುಂದೆ ಬಂದು ಕೂತವಳೇ ವೀಣ. ಅವಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಉರಿ ಬಹಳ ದಿನ ನಿಲ್ಲಲಿಲ್ಲ. ಅಕ್ಕಸಾಲಿ ಹುಚ್ಚಯ್ಯನವರ ಮಗಳು ಅವಳು. ಸ್ಟ್ಯಾಂಡಿನ ಪಕ್ಕದ ಬೀದಿಯಲ್ಲಿ ಹುಟ್ಟಿ, ಅದೇ ಬೀದಿಯ ಆಚೆ ತುದಿಗೆ ಸೊಸೆಯಾಗಿ ಹೋದವಳು. ಡಿಗ್ರಿ ಓದಿದ್ದಳು, ಗರ್ವ ಇರಲಿಲ್ಲ. ಪ್ರತಿ ಬಸ್ಸಿನ ಪ್ರಕಟಣೆಯನ್ನೂ ತನ್ನದೇ ದನಿಯಲ್ಲಿ ರೆಕಾರ್ಡು ಮಾಡಿ, ಯಾವುದು ಎಷ್ಟು ಹೊತ್ತಿಗೆ ಮೈಕಿನಲ್ಲಿ ಬರಬೇಕೆಂದು ಕಂಪ್ಯೂಟರಿಗೆ ಒಪ್ಪಿಸಿದಳು. ಬಸ್ಸು ಹೊರಡಲು ಐದು ನಿಮಿಷ ಇದೆ ಎನ್ನುವಾಗ ಅದು ತಾನಾಗಿಯೇ ಕೂಗಬೇಕು, ದಿನವೂ, ಯಾರೂ ಮುಟ್ಟದೆ.

ಯಾರೂ ಮುಟ್ಟದೆ ಅನ್ನುವುದು ಬರೀ ಮಾತಿಗೆ. ಕರೆಂಟು ಹೋಗಿ ಬಂದರೆ ಕಂಪ್ಯೂಟರು ಎದ್ದು, ಪಾಸ್‌ವರ್ಡು ಕೇಳುತ್ತಾ ಬಾಯಿ ಮುಚ್ಚಿಕೊಂಡು ಕೂರುತ್ತಿತ್ತು. ವೀಣ ಬಂದು ಹಾಕಿದರಷ್ಟೇ ಮುಂದಿನ ಕೆಲಸ. ನಮ್ಮೂರಿನ ಕರೆಂಟಿನ ವಿಷಯ ಕೇಳಲೇಬೇಡಿ. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದವಳು ಹಾಗೇ ಓಡಿ ಬರುತ್ತಿದ್ದಳು. ತಂಗಿಯ ಮದುವೆಯ ದಿನ ಊಟದ ಎಲೆ ಬಿಟ್ಟು ಎದ್ದು ಬಂದಳು. ಅವಳ ದನಿ ಜನರನ್ನು ಕೆ.ಆರ್.ಪೇಟೆಗೆ, ಶ್ರೀರಂಗಪಟ್ಟಣಕ್ಕೆ ಹತ್ತಿಸುತ್ತಿತ್ತು. ಅವಳು ಮಾತ್ರ ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ.

“ಅಣ್ಣ, ಉಸಿರು ಕಟ್ದಂಗಾಯ್ತದೆ ಒಂದೊಂದ್ಸಲ,” ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದಳು.

ಈ ಜೂನಿನಲ್ಲಿ ಪಾಂಡವಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಸೋಮವಾರ ಹತ್ತು ಗಂಟೆಯೊಳಗೆ ಹಾಜರಾಗಬೇಕು, ಇಲ್ಲವಾದರೆ ಸಾಲಿನಲ್ಲಿರುವ ಇನ್ನೊಬ್ಬಳಿಗೆ ಕೊಡುತ್ತೇವೆ ಎಂದಿದ್ದರು. ಸಂಘದ ಕಾರ್ಯದರ್ಶಿ ಮಹದೇವಸ್ವಾಮಿಯವರು ಕೆಟ್ಟವರಲ್ಲ. ಆದರೆ ಷರತ್ತು ಹಾಕಿದರು.

“ಓಗವ್ವ, ನಾನ್ಯಾಕ್ ತಡೀಲಿ? ನೀನಿಲ್ದೇನೂ ಅದು ಕೂಗೋ ಅಂಗ್ ಮಾಡ್ಬುಟ್ಟು ಓಗು.”

ವೀಣ ಟೊಂಕ ಕಟ್ಟಿ ನಿಂತಳು. ಕರೆಂಟು ಬಂದೊಡನೆ ಯಾರ ಅಪ್ಪಣೆಗೂ ಕಾಯದೆ ಕಂಪ್ಯೂಟರು ತಾನೇ ತೆರೆದುಕೊಳ್ಳುವಂತೆ ಮಾಡಿದಳು. ಮಾರನೆಯ ದಿನ ಕರೆಂಟು ಹೋಗಿ ಬಂತು ನೋಡಿ, ಅಷ್ಟು ಹೊತ್ತು ತಪ್ಪಿಹೋಗಿದ್ದ ಪ್ರಕಟಣೆಗಳೆಲ್ಲ ಒಂದರ ಬಾಲ ಹಿಡಿದು ಇನ್ನೊಂದು ಕೂಗತೊಡಗಿದವು. ಸೊಪ್ಪು ಮಾರುವ ಅಣ್ಣಮ್ಮ ಗಂಟು ಹೊತ್ತುಕೊಂಡು ಆ ಮೂಲೆಗೂ ಈ ಮೂಲೆಗೂ ಓಡಿ ಸುಸ್ತಾಗಿ, “ಓದ ಬಸ್ಸೆಲ್ಲಾ ವಾಪಸ್ ಬಂದ್ವೇನ್ಲಾ?” ಎಂದು ನನಗೇ ಬೈದಳು. ತಪ್ಪಿದ್ದನ್ನು ತಪ್ಪಿದಂತೆಯೇ ಬಿಟ್ಟುಬಿಡು ಎಂದು ವೀಣ ಅದಕ್ಕೆ ಕಲಿಸಿದಳು.

ಆಮೇಲೆ ಇನ್ನೊಂದು ಕಾಟ ಶುರುವಾಯಿತು. ಕೆಲವು ದಿನ ಮೈಕು ಹತ್ತು ನಿಮಿಷ ಮೊದಲೇ ಕೂಗುತ್ತಿತ್ತು. ವೀಣ ತಲೆ ಕೆಡಿಸಿಕೊಂಡಳು. ಕಡೆಗೆ ಕಳ್ಳ ಸಿಕ್ಕಿದ್ದು ಬೆಳಗಿನ ಪೂಜೆಯ ಹೊತ್ತಿಗೆ. ಮಹದೇವಸ್ವಾಮಿಯವರು ಊದುಬತ್ತಿ ಬೆಳಗಿ, ಕಂಪ್ಯೂಟರಿಗೂ ಕುಂಕುಮ ಇಟ್ಟು, ಅದರ ಟೈಮನ್ನು ಹತ್ತು ನಿಮಿಷ ಮುಂದಕ್ಕೆ ತಳ್ಳುತ್ತಿದ್ದರು. ಸ್ಟ್ಯಾಂಡಿನ ದೊಡ್ಡ ಗಡಿಯಾರಕ್ಕೂ ಅವರು ಯಾವತ್ತಿನಿಂದಲೋ ಅದನ್ನೇ ಮಾಡಿಕೊಂಡು ಬಂದಿದ್ದರು. ಇಂಟರ್ನೆಟ್ಟು ಬಂದಾಗಲೆಲ್ಲ ಕಂಪ್ಯೂಟರು ತಾನೇ ಸರಿಹೋಗುತ್ತಿತ್ತು, ಇವರು ಮತ್ತೆ ತಳ್ಳುತ್ತಿದ್ದರು.

“ಟೈಮು ಸರಿಯಾಗಿದ್ರೆ ಜನ ಆರಾಮಾಗಿ ಬತ್ತಾರೆ ಕಣವ್ವ,” ಎಂದರು ಅವರು. “ಒಸಿ ಮುಂದ್ಕಿದ್ರೆ ಓಡ್ಬತ್ತಾರೆ. ನಮ್ಮಪ್ಪನ ಕಾಲ್ದಿಂದ್ಲೂ ಇಂಗೇಯ.”

“ಇದೊಂದನ್ನಾದ್ರೂ ಸರಿಯಾಗಿ ಬುಡಿ ಸಾರ್,” ಎಂದು ವೀಣ ಅಂಗಲಾಚಿದಳು. ಅವರ ಮುಖ ಸಣ್ಣದಾಯಿತು.

ಅವಳಿಗೆ ಜಗಳಕ್ಕೆ ಸಮಯವಿರಲಿಲ್ಲ. ಕಂಪ್ಯೂಟರು ತಾನಾಗಿ ಟೈಮು ತಿದ್ದಿಕೊಳ್ಳುವುದನ್ನು ನಿಲ್ಲಿಸಿ, ಪ್ರಕಟಣೆಗಳನ್ನೆಲ್ಲ ಹತ್ತು ನಿಮಿಷ ತಡವಾಗಿಟ್ಟಳು. ಹಾಗೆ ಮಾಡಿದರೆ ಮುಂದೋಡುವ ಗಡಿಯಾರದಲ್ಲೂ ಸರಿಯಾದ ಹೊತ್ತಿಗೇ ಕೂಗುತ್ತದೆ. ಇದನ್ನು ನನಗೊಬ್ಬನಿಗೇ ಹೇಳಿದಳು. “ಸಾರ್‌ಗೆ ಏಳ್ಬೇಡಿ ಅಣ್ಣ, ಬೇಜಾರ್ ಮಾಡ್ಕತ್ತಾರೆ.” ಶನಿವಾರ, ಭಾನುವಾರ ಒಂದೇ ಒಂದು ತಪ್ಪಿಲ್ಲದೆ ಕೂಗಿತು.

ಸೋಮವಾರ ಬೆಳಿಗ್ಗೆ ವೀಣ ಹೊಸ ಸೀರೆಯುಟ್ಟು, ಫೋನು, ಸರ್ಟಿಫಿಕೇಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನನ್ನ ಬೆಂಚಿನ ಮೇಲೆ ಬಂದು ಕೂತಳು. ಎಂಟು ಗಂಟೆಯ ಪಾಂಡವಪುರದ ಬಸ್ಸು ಕಟ್ಟಡದ ಹಿಂದೆ ನಿಲ್ಲುತ್ತದೆ, ನನ್ನ ಅಂಗಡಿಗೆ ಕಾಣುವುದಿಲ್ಲ.

“ನಾನಿವತ್ತು ಪ್ಯಾಸೆಂಜರು,” ಎಂದು ನಕ್ಕಳು. “ನನ್ ದನಿ ಕರೆದ ಮೇಲೇ ಏಳೋದು.”

ಎದುರಿನ ದೊಡ್ಡ ಗಡಿಯಾರ ಎಂಟು ತೋರಿಸಿತು. ಹತ್ತು ಕಳೆದು ಓದುವುದು ನಮಗೆಲ್ಲ ರೂಢಿ. ಅವಳು ಇನ್ನೊಂದು ಟೀ ಕೇಳಿದಳು, ಕೊಟ್ಟೆ. ಹಿಂದುಗಡೆ ಯಾವುದೋ ಬಸ್ಸು ಹಾರ್ನು ಹೊಡೆದು ಹೊರಟಿತು. ಸ್ವಲ್ಪ ಹೊತ್ತಿಗೆ ಮೈಕು ಕೂಗಿತು: ‘ಪಾಂಡವಪುರಕ್ಕೆ ಹೋಗುವ ಬಸ್ಸು ಹೊರಡಲು ಸಿದ್ಧವಾಗಿದೆ.’

“ನೋಡಿದ್ರಾ ಅಣ್ಣ, ಸರಿಯಾಗ್ ಕೂಗ್ತು!” ಎಂದು ಎದ್ದವಳ ಮುಖದಲ್ಲಿ ಎಂಥ ಬೆಳಕಿತ್ತು! ಚೀಲ ಹಿಡಿದು ನಾನೂ ಹಿಂದೆಯೇ ಹೋದೆ. ಬಸ್ಸು ನಿಲ್ಲುವ ಜಾಗದಲ್ಲಿ ಆಯಿಲಿನ ಕಲೆ ಮಾತ್ರ ಇತ್ತು.

ಮಹದೇವಸ್ವಾಮಿಯವರು ಊದುಬತ್ತಿ ಹಿಡಿದುಕೊಂಡೇ ಬಂದರು.

“ಇನ್ನೂ ಓಗಿಲ್ವಾ? ಓಯ್ತಾವ್ಳಲ್ಲ ಮಗು, ಕೇಳ್ದಂಗೆ ಮಾಡುವಾ ಅಂತ ಬೆಳಗ್ಗೇನೇ ಎಲ್ಲಾ ಗಡಿಯಾರನೂ ಸರಿ ಮಾಡ್ಬುಟ್ಟೆ ಕಣವ್ವ. ಕಂಪ್ಯೂಟರ್ದೂವೆ.”

ಗಡಿಯಾರ ಸರಿಹೋಗಿತ್ತು, ಹತ್ತು ನಿಮಿಷ ತಡವಾಗಿಟ್ಟ ಪ್ರಕಟಣೆ ಹಾಗೇ ಉಳಿದಿತ್ತು. ಆ ಮನುಷ್ಯನಿಗೆ ಬೈಯೋಣವೆಂದರೆ ಬಾಯಿ ಬರಲಿಲ್ಲ. ಆಟೋ ಹುಡುಕಲು ಓಡಿದೆ. ಆಟೋದವರೆಲ್ಲ ಸ್ಕೂಲು ಮಕ್ಕಳನ್ನು ಕೂರಿಸಿಕೊಂಡು ಹೋಗಿಯಾಗಿತ್ತು. ನೇರ ಬಸ್ಸು ಇನ್ನು ಹನ್ನೊಂದಕ್ಕೆ. ವೀಣ ಫೋನು ಮಾಡಿದಳು. ಹತ್ತು ದಾಟಿದರೆ ಬರಬೇಡಿ ಎಂದರಂತೆ. ಅವಳು ಅಳಲಿಲ್ಲ. ನಾನು ಅತ್ತೆ, ನಾಚಿಕೆ ಏನು ಬಂತು.

ಅಷ್ಟರಲ್ಲಿ ಅಣ್ಣಮ್ಮ ಗಂಟು ಹೊತ್ತು ಬಂದು, “ಕೆ.ಆರ್.ಪೇಟೆ ಬಸ್ಸು ಕೂಗ್ಲೇ ಇಲ್ವಲ್ಲವ್ವ, ಐತಾ, ಓಯ್ತಾ?” ಎಂದಳು. ವೀಣ ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಹೋದಳು. ಕಂಪ್ಯೂಟರಿನ ಟೈಮನ್ನು ತನ್ನ ಕೈಯಾರೆ ಹತ್ತು ನಿಮಿಷ ಮುಂದಕ್ಕಿಟ್ಟಳು. ಮೈಕು ಕೆ.ಆರ್.ಪೇಟೆ ಎಂದು ಕೂಗಿತು, ಅಣ್ಣಮ್ಮ ಬಸ್ಸು ಹತ್ತಿದಳು.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಅವಳ ದನಿ ಪಾಂಡವಪುರದ ಬಸ್ಸನ್ನು ಕರೆಯಿತು, ಒಂದಿಷ್ಟೂ ತಪ್ಪಿಲ್ಲದೆ. ನಾನು ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವಳು ಕುರ್ಚಿಯಿಂದ ಏಳಲಿಲ್ಲ.