ಬಾಯಿ ಕಟ್ಟಿದ ಸನ್ಮಾನ

ಆ ನಾಯಿ ಬಿಸಿಲಿನಲ್ಲಿ ಎಷ್ಟು ಹೊತ್ತು ಕೂತಿತ್ತು ಎಂದು ಇವತ್ತು ಯಾರಾದರೂ ಕೇಳಿದರೆ ನಾನು ಖಚಿತವಾಗಿ ಹೇಳಲಾರೆ. ನಾನೇ ಇಂಗ್ಲಿಷಿನಲ್ಲಿ ಟೈಪು ಮಾಡಿ ಕೊಟ್ಟ ಹೇಳಿಕೆಯಲ್ಲಿ ಇಪ್ಪತ್ತು ನಿಮಿಷ ಎಂದಿದೆ. ಹೆಂಡತಿ ಒಂದು ಗಂಟೆಗೆ ಹತ್ತಿರ ಎನ್ನುತ್ತಾಳೆ. ನನಗೆ ನಿಮಿಷಗಳು ನೆನಪಿಲ್ಲ, ಭಾಷಣಗಳು ನೆನಪಿವೆ. ಎರಡನೆಯ ಭಾಷಣದ ಹೊತ್ತಿಗೆ ನೆರಳು ಅದರ ಬಾಲದಿಂದ ಸರಿದಿತ್ತು. ಆರನೆಯ ಭಾಷಣ ಮುಗಿಯಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬ್ಯಾಂಕು ನನ್ನನ್ನು ಅಹಮದಾಬಾದಿಗೆ ವರ್ಗ ಮಾಡಿತ್ತು. ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಮೂರನೆಯ ಮಹಡಿಯ ಫ್ಲಾಟು. ಭಾನುವಾರಗಳಂದು ಮಾಡಲು ಕೆಲಸವಿಲ್ಲದ ಕಾರಣ ನಾನೂ ಅಲ್ಲಿನ ಕನ್ನಡದವರ ಸಂಘಕ್ಕೆ ಸೇರಿದೆ. ಬ್ಯಾಂಕು, ರೈಲ್ವೆ, ವಿಮೆ ಕಂಪನಿಗಳ ನೌಕರರು, ಮತ್ತೆ ಊಟ ತಿಂಡಿಯ ಹೊಣೆ ಹೊರುವ ಕರಾವಳಿಯ ಹೋಟೆಲಿನವರು, ಇಷ್ಟೇ ಜನ. ಸಂಘಕ್ಕೆ ಸ್ವಂತ ಕೋಣೆ ಇರಲಿಲ್ಲ. ಪೂಜೆಯ ಬೆಳ್ಳಿ ದೀಪಗಳು, ಹರಿವಾಣ, ಕಲಶ ಎಲ್ಲವೂ ನವರಂಗಪುರದ ಒಂದು ಉಡುಪಿ ಹೋಟೆಲಿನ ಅಟ್ಟದ ಮೇಲೆ ಇರುತ್ತಿದ್ದವು. ಒಂದು ಬೆಳಿಗ್ಗೆ ಅವು ಇರಲಿಲ್ಲ.

ಪೊಲೀಸರು ನಾಯಿ ತಂದರು. ಆಲ್ಸೇಶಿಯನ್, ಹೆಣ್ಣು, ಏಳು ವರ್ಷದ್ದು. ಅದನ್ನು ನೋಡಿಕೊಳ್ಳುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ಅದಕ್ಕೆ ಬೇಟಾ, ಅಂದರೆ ಮಗು, ಎನ್ನುತ್ತಿದ್ದರು. ಅಟ್ಟದ ಮೇಲೆ ಬಿದ್ದಿದ್ದ ಒಂದು ಚಿಂದಿ ಬಟ್ಟೆಯನ್ನು ಮೂಸಿ, ಹಿತ್ತಿಲ ಬಾಗಿಲಿನಿಂದ ಹೊರಟು, ಎರಡು ಗಲ್ಲಿ ದಾಟಿ, ಒಂದು ಗುಜರಿ ಅಂಗಡಿಯ ಮುಂದೆ ಅದು ಕೂತುಬಿಟ್ಟಿತು. ಅಂಗಡಿಯ ಒಂದು ಗೋಣಿಚೀಲದೊಳಗೆ ಸಂಘದ ಬೆಳ್ಳಿ ಇತ್ತು.

ನಾನು ನಂಬಲಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಪ್ರಾಣಿಯ ಜಾಣತನ ಎಂದು ಜನ ಕೊಂಡಾಡುವುದರಲ್ಲಿ ಮುಕ್ಕಾಲು ಪಾಲು ಯಜಮಾನ ತನಗೇ ಗೊತ್ತಿಲ್ಲದೆ ಕೊಡುವ ಸೂಚನೆ ಎಂದು ಓದಿಕೊಂಡಿದ್ದೆ. ಗುಜರಿ ಅಂಗಡಿ ಪೊಲೀಸಿನವರಿಗೆ ಮೊದಲೇ ಗೊತ್ತಿರುತ್ತದೆ, ಹಗ್ಗದ ಎಳೆತದಲ್ಲೇ ನಾಯಿಗೂ ಗೊತ್ತಾಗುತ್ತದೆ ಎಂದು ಹೋಟೆಲಿನ ಮಾಲೀಕರಿಗೆ ವಿವರಿಸಿದೆ.

"ನೀವು ಎಂ.ಎ. ಮಾಡಿದ್ದು ಮೂಗಿನ ಮೇಲಾ ಮಾರಾಯ್ರೆ?" ಎಂದು ಅವರು ಕಾಫಿ ತರಿಸಿದರು.

ಸನ್ಮಾನದ ಮಾತು ತೆಗೆದವರು ಸಂಘದ ಕಾರ್ಯದರ್ಶಿ, ಧಾರವಾಡದ ಕಡೆಯವರು, ರೈಲ್ವೆಯಲ್ಲಿದ್ದವರು. "ಯುಗಾದಿ ಕಾರ್ಯಕ್ರಮದಾಗ ಸತ್ಕಾರ ಮಾಡೂಣ್ರಿ. ಮಂದಿಗೆಲ್ಲಾ ಮಾಡೇವಿ, ಇದಕ್ಕ್ಯಾಕ ಬ್ಯಾಡ?"

"ನಾಯಿಗೆ ಪೇಟ ತೊಡಿಸಿದರೆ ಹೋದ ವರ್ಷ ತೊಡಿಸಿಕೊಂಡವರು ಏನು ತಿಳಿದುಕೊಳ್ಳುತ್ತಾರೆ?" ಎಂದೆ ನಾನು.

"ಹೋದ ವರ್ಷದವರು ಏನು ಹುಡುಕಿ ಕೊಟ್ಟಿದ್ದಾರೆ?" ಎಂದರು ಹೋಟೆಲಿನವರು. ಅಲ್ಲಿಗೆ ತೀರ್ಮಾನವಾಯಿತು.

ಯುಗಾದಿ ಕಳೆದ ಮೇಲಿನ ಭಾನುವಾರ, ಒಂದು ಶಾಲೆಯ ಮೈದಾನ. ಅಹಮದಾಬಾದಿನ ಏಪ್ರಿಲ್ ತಿಂಗಳ ಹನ್ನೊಂದು ಗಂಟೆ ಎಂದರೆ ಸ್ಕೂಟರಿನ ಸೀಟಿನ ಮೇಲೆ ಕೂರಲಾಗದ ಹೊತ್ತು. ಶಾಮಿಯಾನ ಜನರ ಮೇಲಿತ್ತು, ವೇದಿಕೆಯ ಮೇಲಿತ್ತು. ಅವೆರಡರ ನಡುವೆ ಹತ್ತು ಅಡಿ ಜಾಗಕ್ಕೆ ಬಟ್ಟೆ ಸಾಲದೆ ಹೋಗಿತ್ತು. ವೇದಿಕೆಯ ಮೆಟ್ಟಿಲ ಪಕ್ಕ, ಆ ಖಾಲಿ ಜಾಗದ ಅಂಚಿನ ನೆರಳಿನಲ್ಲಿ ನಾಯಿಯನ್ನು ಕೂರಿಸಿದರು. ಹಣೆಗೆ ಕುಂಕುಮ ಇಟ್ಟರು, ಚೆಂಡುಹೂವಿನ ಹಾರ ಹಾಕಿದರು. ಪೇಟ ಒಂದು ಕಿವಿಯ ಮೇಲೆ ಜಾರಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಕಾರ್ಯದರ್ಶಿ ಮೊದಲೇ ಕೇಳಿದ್ದರು, ಅದರ ಬಾಯಿಗೆ ಏನೂ ಹಾಕುವುದಿಲ್ಲವೇ ಎಂದು. ಹೆಡ್ ಕಾನ್ಸ್‌ಟೇಬಲ್ ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಬಾಯಿಗೆ ಹಾಕುವ ಪಟ್ಟಿ ಜೀಪಿನಲ್ಲಿದೆ, ಜೀಪು ಬೇರೆ ಡ್ಯೂಟಿಗೆ ಹೋಗಿದೆ. ಇದ್ದಿದ್ದರೂ ಈ ಬಿಸಿಲಿನಲ್ಲಿ ಹಾಕುತ್ತಿರಲಿಲ್ಲ ಸಾಹೇಬ್. ಇವಳು ಮೈ ತಣಿಸಿಕೊಳ್ಳುವುದು ಬಾಯಿಂದ. ಬಾಯಿ ಮುಚ್ಚಿದರೆ ಒಳಗೇ ಬೆಂದುಹೋಗುತ್ತಾಳೆ."

ನಂತರ, ಅವರಿಗೂ ಸನ್ಮಾನವೆಂದು ವೇದಿಕೆಗೆ ಕರೆದಾಗ, ಅವರು ನಾಯಿಯ ಮುಂದೆ ಬಗ್ಗಿ, ಸಿಟ್ ಎಂದು, ಸ್ಟೇ ಎಂದು, ಹಗ್ಗವನ್ನು ನನ್ನ ಕೈಗೆ ಕೊಟ್ಟರು. ನಾಯಿಯನ್ನು ಹಿಡಿದುಕೊಳ್ಳುವುದಕ್ಕೆ ನಾನಾಗಿಯೇ ಮುಂದೆ ಬಂದಿದ್ದೆ. "ನಾನು ಬಂದು ಹೇಳುವವರೆಗೆ ಏಳುವುದಿಲ್ಲ. ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ. ಯಾರಾದರೂ ತಿನ್ನಲು ಎಸೆದರೆ ಎತ್ತಿಬಿಡಿ. ಐದು ನಿಮಿಷದಲ್ಲಿ ಬರುತ್ತೇನೆ, ಭಾಯ್."

ಐದು ನಿಮಿಷ ಎಂದು ಅವರು ತಿಳಿದದ್ದು ತಪ್ಪೇನಲ್ಲ. ನಮ್ಮವರ ಸನ್ಮಾನ ಹೇಗೆ ನಡೆಯುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಸನ್ಮಾನಿತರು ವಂದನಾರ್ಪಣೆಯವರೆಗೆ ವೇದಿಕೆಯ ಕುರ್ಚಿಯಲ್ಲೇ ಕೂರಬೇಕು. ಅವರ ಬಗ್ಗೆ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ನಡುವೆ ಎದ್ದು ಹೋಗುವುದು ಸಭೆಗೆ ಅವಮಾನ. ಹೆಡ್ ಕಾನ್ಸ್‌ಟೇಬಲ್ ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತರು. ಭಾಷಣಗಳೆಲ್ಲ ಕನ್ನಡದಲ್ಲಿ. ಒಂದು ಮುಗಿದಾಗ ಅವರು ಏಳಲು ನೋಡುತ್ತಿದ್ದರು, ಪಕ್ಕದಲ್ಲಿದ್ದ ಸಂಘದ ಅಧ್ಯಕ್ಷರು ನಗುತ್ತಾ ಹೆಗಲ ಮೇಲೆ ಕೈಯಿಟ್ಟು ಕೂರಿಸುತ್ತಿದ್ದರು. ಆಮೇಲೆ ಇನ್ನೊಬ್ಬರು ಮೈಕಿನ ಮುಂದೆ ಬಂದು ನಾಯಿಯ ನಿಷ್ಠೆಯನ್ನು ಮೊದಲಿನಿಂದ ಹೇಳುತ್ತಿದ್ದರು. ನಾಯಿ ಕೂತಿದ್ದ ಜಾಗ ಹೆಡ್ ಕಾನ್ಸ್‌ಟೇಬಲ್ ಕುರ್ಚಿಯಿಂದ ಕಾಣುತ್ತಿರಲಿಲ್ಲ. ಎದುರಿಗೆ ಧ್ವನಿವರ್ಧಕದ ದೊಡ್ಡ ಪೆಟ್ಟಿಗೆ ಇತ್ತು.

ಎರಡನೆಯ ಭಾಷಣದಲ್ಲಿ ಒಂದು ಮಗು ಬೂಂದಿ ಉಂಡೆ ಎಸೆಯಿತು. ನಾಯಿ ಅದನ್ನು ಮುಟ್ಟಲಿಲ್ಲ, ಕತ್ತು ತಿರುಗಿಸಿ ಮಗುವನ್ನು ನೋಡಿತು ಅಷ್ಟೆ. ಮೊದಲ ಸಾಲಿನ ಹೆಂಗಸರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಕಾರ್ಯದರ್ಶಿ ಬಗ್ಗಿಕೊಂಡು ಬಂದರು, ಕೈಯಲ್ಲಿ ಸ್ವಯಂಸೇವಕರ ಬ್ಯಾಡ್ಜಿಗೆ ತಂದಿದ್ದ ಕೆಂಪು ಹಳದಿ ರಿಬ್ಬನ್.

"ಎಂ.ಎ. ಸಾಹೇಬ್ರ, ಬಾಯಿಗೆ ಒಂದು ಸುತ್ತು ಹಾಕ್ರಿ."

"ಅವರು ಬೇಡ ಅಂದಿದ್ದಾರೆ."

"ಅವಗ ನಾಯಿ ಚಿಂತಿ. ನಮಗ ಮಂದಿ ಚಿಂತಿ. ಹುಡುಗ್ರಿಗೆ ಕಡದ್ರ ನೀವು ಉತ್ತರಾ ಕೊಡ್ತೀರೇನು? ಸಡ್ಲ ಕಟ್ರಿ."

ಕಟ್ಟಿದೆ. ನಾಯಿ ಸುಮ್ಮನಿತ್ತು. ಹಗ್ಗ ನನ್ನ ಕೈಯಲ್ಲಿತ್ತು, ಅದನ್ನು ಕೊಟ್ಟವರು ಅವರು. ಆದ್ದರಿಂದ ನಾನು ಮಾಡಿದ್ದು ಸರಿಯೆಂದು ಅದು ತಿಳಿದಿರಬೇಕು. ಸಡಿಲವಾಗಿಯೇ ಕಟ್ಟಿದೆ ಎಂದು ಬಹಳ ವರ್ಷ ನೆನಪಿಟ್ಟುಕೊಂಡಿದ್ದೆ. ಸಡಿಲವಾಗಿದ್ದರೆ ಮುಂದೆ ಆದದ್ದು ಆಗುತ್ತಿರಲಿಲ್ಲ. ಹಾಗಾಗಿ ಆ ನೆನಪು ಎಲ್ಲಿಂದ ಬಂತು ಎಂಬುದೇ ಈಗಿನ ನನ್ನ ಪ್ರಶ್ನೆ.

ನೆರಳು ಸರಿಯಿತು. ಎರಡು ಹೆಜ್ಜೆಯಾಚೆ, ಮೆಟ್ಟಿಲಿನ ಬಲಕ್ಕೆ, ಒಳ್ಳೆಯ ನೆರಳಿತ್ತು. ನಾನು ನನ್ನ ಕುರ್ಚಿಯನ್ನು ಅಲ್ಲಿಗೆ ಸರಿಸಿಕೊಂಡೆ. ಹಗ್ಗ ಉದ್ದವಾಗಿತ್ತು, ನಾಯಿಯೂ ಬರಬಹುದಿತ್ತು. ನಾನು ಎಳೆಯಲಿಲ್ಲ, ಕರೆಯಲಿಲ್ಲ. ಯಜಮಾನ ಕಾಣದಿದ್ದಾಗ, ಕಷ್ಟ ಹೆಚ್ಚಿದಾಗ, ನೆರಳು ಇಷ್ಟು ಹತ್ತಿರವಿರುವಾಗ ಅದು ಏಳುತ್ತದೆಯೋ ಇಲ್ಲವೋ ನೋಡಬೇಕಿತ್ತು. ಎದ್ದರೆ, ನನ್ನ ವಾದವೇ ಸರಿಯೆಂದು ಹೋಟೆಲಿನವರಿಗೆ ತೋರಿಸಬಹುದು ಎಂದುಕೊಂಡೆ. ಈ ಯೋಚನೆ ಆಗಲೇ ಬಂದದ್ದೋ, ಆಮೇಲೆ ನನ್ನನ್ನು ನಾನೇ ಬೈದುಕೊಳ್ಳಲು ಸೇರಿಸಿದ್ದೋ ಹೇಳಲಾರೆ. ಕುರ್ಚಿ ಸರಿಸಿದ್ದು ಮಾತ್ರ ನಿಜ. ಅದರ ಕಾಲು ಹಗ್ಗಕ್ಕೆ ಸಿಕ್ಕಿಕೊಂಡದ್ದು, ನಾನು ಬಿಡಿಸಿದ್ದು ನೆನಪಿದೆ.

ಅದು ಏಳಲಿಲ್ಲ. ಮೂಗಿನಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ತುಟಿಯ ಸಂದಿಯಿಂದ ಬಿಳಿ ನೊರೆ ರಿಬ್ಬನ್ನಿನ ಮೇಲೆ ಇಳಿಯುತ್ತಿತ್ತು. ಮುಂಗಾಲು ನಡುಗಿತು, ಅದನ್ನು ಮತ್ತೆ ಸರಿಯಾಗಿ ಊರಿಕೊಂಡಿತು. ಹೆಂಡತಿ ಎರಡನೆಯ ಸಾಲಿನಿಂದ ಕೈಸನ್ನೆ ಮಾಡಿದಳು. ನಾನು ಸುಮ್ಮನಿರು ಎಂದು ತಿರುಗಿ ಸನ್ನೆ ಮಾಡಿದೆ. ಆರನೆಯವರು ಮಾತಾಡುತ್ತಿದ್ದಾಗ ನಾಯಿ ಕೂತಲ್ಲೇ ಪಕ್ಕಕ್ಕೆ ಉರುಳಿತು. ಮಕ್ಕಳು ಕಿರುಚಿದರು.

ಹೆಡ್ ಕಾನ್ಸ್‌ಟೇಬಲ್ ವೇದಿಕೆಯಿಂದ ಹಾರಿದರು. ಸೇಬು ಕಿತ್ತಳೆಗಳು ಮೆಟ್ಟಿಲ ಮೇಲೆ ಉರುಳಿದವು. ಗಂಟು ಜೊಲ್ಲಿಗೂ ನೊರೆಗೂ ನೆನೆದು ಬಿಗಿದಿತ್ತು. ಉಗುರಿಗೆ ಸಿಗದೆ ಅವರು ನಾಯಿಯ ಮೂತಿಗೆ ಬಾಯಿ ಹಾಕಿ ರಿಬ್ಬನ್ನನ್ನು ಹಲ್ಲಿನಿಂದ ಕಡಿದರು. ಕೈ ತೊಳೆಯಲು ಇಟ್ಟಿದ್ದ ನೀರನ್ನು ಹೋಟೆಲಿನವರು ಬಕೆಟ್ಟಿನಿಂದ ಸುರಿದರು. ಒಬ್ಬರ ಕಾರಿನಲ್ಲಿ ಹಾಕಿಕೊಂಡು ಹೋದರು. ಪಶುವೈದ್ಯರ ಬಳಿ ತಲುಪುವ ಮೊದಲೇ ಅದು ಸತ್ತಿತು. ಇಲ್ಲಿ ಊಟ ನಿಲ್ಲಿಸಲಿಲ್ಲ, ಅಡುಗೆ ಆಗಿತ್ತಲ್ಲ. ಒಬ್ಬಟ್ಟು ನಾನೂ ತಿಂದೆ.

ಪೊಲೀಸ್ ನಾಯಿ ಸತ್ತರೆ ವಿಚಾರಣೆ ಇರುತ್ತದೆ. ನಡೆದದ್ದನ್ನು ಬರೆದು ಕೊಡಿ ಎಂದು ಸಂಘಕ್ಕೆ ಸೂಚನೆ ಬಂತು. ಇಂಗ್ಲಿಷು ಚೆನ್ನಾಗಿದೆ ಎಂದು ಆ ಕೆಲಸ ನನಗೇ ಬಿತ್ತು. "ರಿಬ್ಬನ್ ಸುದ್ದಿ ಬ್ಯಾಡ್ರಿ," ಎಂದರು ಕಾರ್ಯದರ್ಶಿ. ಹೋಟೆಲಿನ ಮಾಲೀಕರು ಎದ್ದು ಗಲ್ಲಾಪೆಟ್ಟಿಗೆಯ ಕಡೆಗೆ ಹೋದರು. ನಾನು ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಬಿಸಿಲು ತೀವ್ರವಾಗಿತ್ತು. ನಾಯಿಗೆ ವಯಸ್ಸಾಗಿತ್ತು. ಅದರ ಹೊಣೆ ಹೊತ್ತವರು ಹಗ್ಗವನ್ನು ತರಬೇತಿಯಿಲ್ಲದ ಒಬ್ಬರ ಕೈಗೆ ಕೊಟ್ಟು ವೇದಿಕೆಯ ಮೇಲೆ ಕೂತಿದ್ದರು. ಬಾಯಿ ಕಟ್ಟಿದ್ದರ ಬಗ್ಗೆ, "ಸಾರ್ವಜನಿಕರ ಸುರಕ್ಷತೆಗಾಗಿ ಸಾಮಾನ್ಯ ಎಚ್ಚರಿಕೆ ವಹಿಸಲಾಗಿತ್ತು" ಎಂಬ ಒಂದು ವಾಕ್ಯ.

ಅದನ್ನು ಕಳಿಸುವ ಮುನ್ನ ಹೆಡ್ ಕಾನ್ಸ್‌ಟೇಬಲ್ ನಮ್ಮ ಮನೆಗೆ ಬಂದರು. ಬೆಳಗಿನ ಎಂಟು ಗಂಟೆ, ನಾನು ಆಫೀಸಿಗೆ ಹೊರಡುವ ಹೊತ್ತು. ಯೂನಿಫಾರ್ಮ್ ಇರಲಿಲ್ಲ, ಸಣ್ಣವರಾಗಿ ಕಂಡರು. ಕುರ್ಚಿಯ ತುದಿಯಲ್ಲಿ ಕೂತರು.

"ಸಾಹೇಬ್, ಹಗ್ಗ ಕೊಟ್ಟದ್ದು ನನ್ನ ತಪ್ಪು. ಅದನ್ನು ಬರೆಯಿರಿ. ಬಾಯಿ ಕಟ್ಟಬೇಡಿ ಅಂತ ನಾನು ಹೇಳಿದ್ದೆ, ಅದೊಂದು ಸಾಲು ಸೇರಿಸಿ. ಅದಿಲ್ಲದಿದ್ದರೆ ನನ್ನನ್ನು ನಾಯಿಗಳ ಹತ್ತಿರ ಬಿಡುವುದಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ."

ಟೈಪಾದ ಹಾಳೆ ನನ್ನ ಬ್ಯಾಗಿನಲ್ಲಿತ್ತು. ಆ ಸಾಲು ಸೇರಿಸಿದರೆ, ಬೇಡವೆಂದರೂ ಕಟ್ಟಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು.

"ಹೇಳಿದ್ದಿರಾ?" ಎಂದೆ. "ಕಾರ್ಯದರ್ಶಿಗಳಿಗೆ ಏನೋ ಹೇಳುತ್ತಿದ್ದಿರಿ. ಏನೆಂದು ನನಗೆ ಸರಿಯಾಗಿ ನೆನಪಿಲ್ಲ. ಮನುಷ್ಯನ ನೆನಪನ್ನು ನಂಬಲಾಗುವುದಿಲ್ಲ, ನನ್ನದನ್ನೂ, ನಿಮ್ಮದನ್ನೂ. ಖಚಿತವಿಲ್ಲದ್ದನ್ನು ಸರ್ಕಾರಿ ಕಾಗದದಲ್ಲಿ ಹೇಗೆ ಬರೆಯುವುದು?"

ನನ್ನ ಮಾತಿನಲ್ಲಿ ನ್ಯಾಯವಿದೆಯೇ ಎಂದು ಅವರು ನಿಜವಾಗಿಯೂ ಯೋಚಿಸುತ್ತಿದ್ದರು ಎಂದೇ ನನಗೆ ಅನ್ನಿಸಿತು.

"ನೆನಪಿಲ್ಲದಿದ್ದರೆ ಬರೆಯಬೇಡಿ," ಎಂದು ಎದ್ದರು. ಹೆಂಡತಿ ತಂದ ಚಹಾ ಹಾಗೇ ಇತ್ತು.

ಹಾಳೆಯನ್ನು ಅವತ್ತೇ ಕೊಟ್ಟೆ. ಅವರನ್ನು ನಾಯಿದಳದಿಂದ ತೆಗೆದು ಊರಾಚೆಯ ಯಾವುದೋ ಚೌಕಿಗೆ ಹಾಕಿದರೆಂದು ಹೋಟೆಲಿನಲ್ಲಿ ಯಾರೋ ಹೇಳಿದರು. ಮಾಲೀಕರು ಆಮೇಲೆ ನನಗೆ ಮಾರಾಯ್ರೆ ಎನ್ನಲಿಲ್ಲ, ಸಾರ್ ಎನ್ನುತ್ತಿದ್ದರು. ನನಗೆ ವಡೋದರಾಕ್ಕೆ, ಅಲ್ಲಿಂದ ಸೂರತ್‌ಗೆ ವರ್ಗವಾಯಿತು.

ಸೂರತ್‌ನಲ್ಲಿ ಬ್ಯಾಂಕಿನ ಶಾಖೆ ಉಧ್ನಾದಲ್ಲಿತ್ತು. ಒಂದು ಮಧ್ಯಾಹ್ನ ಅಲ್ಲಿನ ಮಗ್ಗದ ಶೆಡ್ಡಿನ ಗೇಟಿನಲ್ಲಿ ಕಾವಲು ನಾಯಿಯೊಂದನ್ನು ಬಿಸಿಲಲ್ಲಿ ಕಟ್ಟಿಹಾಕಿದ್ದರು. ಹೆಂಡತಿ ಆಟೋ ನಿಲ್ಲಿಸಿ ಇಳಿದು, ಕಾವಲುಗಾರನ ಜೊತೆ ತನ್ನ ಅರ್ಧಂಬರ್ಧ ಗುಜರಾತಿಯಲ್ಲಿ ಜಗಳವಾಡಿ, ನಾಯಿಯನ್ನು ನೆರಳಿಗೆ ಕಟ್ಟಿಸಿ ಬಂದಳು. ನಾನು ಆಟೋದಲ್ಲೇ ಕೂತಿದ್ದೆ. ಬಂದು ಕೂತವಳು ನನ್ನ ಕಡೆ ನೋಡದೆ ಕೇಳಿದಳು.

"ಅವತ್ತು ಮನೆಗೆ ಬಂದ ಆ ಪೊಲೀಸಿನವರ ಹತ್ತಿರ ನೆನಪಿಲ್ಲ ಅಂದ್ರಲ್ಲ. ಸನ್ಮಾನದ ದಿನ ನಾನು ಎರಡನೇ ಸಾಲಲ್ಲೇ ಕೂತಿದ್ದೆ. ಬಾಯಿ ಮುಚ್ಚಿದ್ರೆ ಬೆಂದುಹೋಗ್ತಾಳೆ ಅಂದದ್ದು ನನಗೆ ಕೇಳಿಸಿತ್ತು. ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ದರೆ ಬರೆಯಬೇಕಾಗುತ್ತಿತ್ತು," ಎಂದೆ.

ಅವಳು ಆಟೋದವನಿಗೆ ಹೊರಡಲು ಹೇಳಿದಳು.