ಗುರಿಗಿಂತ ಆಚೆ ನಿಲ್ಲುತ್ತಿದ್ದ ಚಿಕ್ಕಪ್ಪ

ನಾನು ಏನನ್ನಾದರೂ ಎಸೆಯುತ್ತೇನೆಂದರೆ ಸಾಕು, ನಮ್ಮ ಚಿಕ್ಕಪ್ಪ ನಿಂತ ಜಾಗ ಬಿಟ್ಟು ಎರಡು ಹೆಜ್ಜೆ ಆಚೆ ಹೋಗಿ ಕೈಯೊಡ್ಡುತ್ತಿದ್ದರು. ಕೇಳಿದರೆ, "ನೀನು ಗುರಿ ಇಟ್ಟ ಕಡೆ ನಿಂತ್ರೆ ಪ್ರಾಣಕ್ಕೆ ಭಯ ಇಲ್ಲ ಅಮ್ಮಣಿ, ಆದ್ರೆ ಸಾಮಾನು ಕೈಗೆ ಸಿಕ್ಕಲ್ಲ" ಅನ್ನುತ್ತಿದ್ದರು. ಅಮ್ಮಣಿ ಅಂದರೆ ನನ್ನ ಹೆಸರಲ್ಲ, ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವುದೇ ಹಾಗೆ.

ಅವರು ಆನೈಮಲೈಯಲ್ಲಿ ಪ್ಲಸ್ ಟೂ ಮಕ್ಕಳಿಗೆ ಫಿಸಿಕ್ಸ್ ಮೇಷ್ಟ್ರು. ವಾರವೆಲ್ಲ ಶಾಲೆಯಲ್ಲಿ ತಮಿಳಿನಲ್ಲಿ ಪಾಠ. ಭಾನುವಾರ ನಮ್ಮ ತೆಂಗಿನ ತೋಟದಲ್ಲಿ ಅದೇ ಪಾಠ ಕನ್ನಡದಲ್ಲಿ. ಕನ್ನಡ ಅಂದರೆ ಮನೆಯೊಳಗಿನ ನಮ್ಮ ಕನ್ನಡ, ಅರ್ಧಕ್ಕರ್ಧ ತಮಿಳೇ, ಕೆಲಸಕ್ಕೂ 'ವೇಲೆ' ಅನ್ನುವಂಥದ್ದು. ಜೇಬಿನಲ್ಲಿ ಚಾಕ್‌ಪೀಸ್ ಇಲ್ಲದ ದಿನವಿಲ್ಲ. ಅಕ್ಕನ ಮದುವೆಯಲ್ಲಿ ಅಕ್ಷತೆ ಹಾಕುವವರ ಹಿಂದೆ ನಿಂತು, ನೇರ ಎಸೆದರೆ ಮುಂದಿನ ಸಾಲಿನ ತಲೆ ಮೇಲೆ ಬೀಳುತ್ತದೆ, ಸ್ವಲ್ಪ ಮೇಲಕ್ಕೆ ಎಸೆಯಿರಿ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ನಾನೂ ಹಾಗೇ ಎಸೆದೆ. ಪುರೋಹಿತರು ಕಣ್ಣುಜ್ಜಿಕೊಂಡರು.

ಕಾಯಿ ಸುಲಿದ ಮಟ್ಟೆಯನ್ನು ನಾವು ಬಿಸಾಡುವುದಿಲ್ಲ. ಪಸೆ ನಿಲ್ಲಲೆಂದು ಮರದ ಬುಡದ ಪಾತಿಗೆ ಹಾಕುತ್ತೇವೆ. ಚಿಕ್ಕಪ್ಪ ಸಾಲುಗಳ ನಡುವೆ ಟ್ರ್ಯಾಕ್ಟರನ್ನು ನಿಲ್ಲಿಸದೆ ಓಡಿಸುವುದು, ಹಿಂದಿನ ಟ್ರೈಲರಿನಲ್ಲಿ ನಿಂತು ನಾನು ಪಾತಿಗೆ ಮಟ್ಟೆ ಎಸೆಯುವುದು. ನಾನು ಮಹಾ ಬುದ್ಧಿವಂತೆ, ಮರ ನೇರ ಎದುರಿಗೆ ಬಂದಾಗ ಎಸೆಯುತ್ತಿದ್ದೆ. ಮಟ್ಟೆ ಪಾತಿ ದಾಟಿ ಮುಂದೆ ಬೀಳುತ್ತಿತ್ತು. ಒಂದು ಭಾನುವಾರ ಮರದಾಚೆ ನಿಲ್ಲಿಸಿದ್ದ ಅವರ ಹೊಸ ಮೊಪೆಡ್ಡಿನ ಹೆಡ್‌ಲೈಟಿಗೇ ಬಿತ್ತು.

ಬೈಗುಳ ಬರುತ್ತದೆಂದು ಕಿವಿ ಮುಚ್ಚಿಕೊಂಡೆ. ಅವರು ಇಳಿದು ಬಂದು, ಒಡೆದ ಗಾಜನ್ನು ನೋಡಿ, ಜೇಬಿನಿಂದ ಚಾಕ್‌ಪೀಸ್ ತೆಗೆದು ಟ್ರೈಲರಿನ ಪಕ್ಕದ ತಗಡಿನ ಮೇಲೆ ಬಾಗಿದ ಗೆರೆಯೊಂದನ್ನು ಎಳೆದರು.

"ಗಾಡಿ ವೇಗ ನಿನ್ನ ಕೈಲೂ ಇದೆ, ಮಟ್ಟೇಲೂ ಇದೆ. ನೀ ಬಿಟ್ರೂ ಅದು ಬಿಡಲ್ಲ. ಮುಂದೆ ಹೋಗೋದು ಒಂದು ವೇಲೆ, ಕೆಳಗೆ ಬೀಳೋದು ಇನ್ನೊಂದು ವೇಲೆ. ಒಂದೇ ಮನೆ ಓರಗಿತ್ತೀರ ಥರ, ಒಬ್ಬಳ ವೇಲೆಗೆ ಇನ್ನೊಬ್ಬಳು ಕೈ ಹಾಕಲ್ಲ. ಅದಕ್ಕೇ ಮರ ಬರೋ ಮುಂಚೇನೇ ಬಿಡು."

ಅರ್ಥವಾಯಿತು ಎಂದು ಜೋರಾಗಿ ತಲೆಯಾಡಿಸಿದೆ. ಮುಂದಿನ ಮಟ್ಟೆಯೂ ಪಾತಿ ದಾಟಿತು. ತಲೆಗೆ ಹತ್ತಿದ್ದು ಕೈಗಿಳಿಯಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ತಲೆಗೂ ಹತ್ತಿರಲಿಲ್ಲ.

ಪರೀಕ್ಷೆಯಲ್ಲಿ, ಓರೆಯಾಗಿ ಎಸೆದ ಕಲ್ಲಿಗೆ ತುತ್ತತುದಿಯಲ್ಲಿ ವೇಗವೇ ಇರುವುದಿಲ್ಲ ಎಂದು ಬರೆದು ಬಂದೆ. ಮೇಲೆ ಹೋಗುವುದು ನಿಂತರೆ ಮುಂದೆ ಹೋಗುವುದು ಯಾಕೆ ನಿಲ್ಲಬೇಕು ಎಂದು ಚಿಕ್ಕಪ್ಪ ಅವತ್ತು ಊಟ ಬಿಟ್ಟು ಕೂತರು. ಊರ ಮಕ್ಕಳಿಗೆಲ್ಲ ಅರ್ಥವಾದದ್ದು ಮನೆಯ ಹುಡುಗಿಗೆ ಆಗಲಿಲ್ಲವಲ್ಲ ಎಂಬುದು ಅವರಿಗೆ ಕೊರಗಾಗಿತ್ತು. ಒಂದೇ ಒಂದು ಸಲ ಅವರ ಬಾಯಲ್ಲಿ 'ಸರಿ' ಅನ್ನಿಸಿಕೊಳ್ಳಬೇಕೆಂದು ನನಗೂ ತುಂಬ ಆಸೆಯಿತ್ತು. ಹೇಗೋ ಪಾಸಾಗಿ, ವೇಗದ ಗೊಡವೆಯೇ ಇಲ್ಲದ ಬಿ.ಕಾಂ. ಸೇರಿ, ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಆಫೀಸಿನಲ್ಲಿ ಕೂತೆ.

ರಜಕ್ಕೆ ಊರಿಗೆ ಹೋದಾಗಲೆಲ್ಲ ಚಿಕ್ಕಪ್ಪನೇ ಬಸ್ಸು ಹತ್ತಿಸುವವರು. ಹತ್ತಿಸಿದ ಮೇಲೆ ಬೇಗ ಬೇಗ ನಡೆದು ಮುಂದಿನ ತಿರುವಿನ ಟೀ ಅಂಗಡಿ ಎದುರು ನಿಲ್ಲುತ್ತಿದ್ದರು, ಬಸ್ಸು ದಾಟುವಾಗ ಇನ್ನೊಮ್ಮೆ ಕೈ ಬೀಸುವುದಕ್ಕೆ. ಹೋದ ಬೇಸಿಗೆಯಲ್ಲಿ ಹಾಗೇ ಬಸ್ಸು ಹೊರಟಿತು, ನಾನು ಕರ್ಚೀಫಿಗೆಂದು ಬ್ಯಾಗಿಗೆ ಕೈ ಹಾಕಿದರೆ ತೋಟದ ಮೋಟಾರ್ ರೂಮಿನ ಬೀಗದ ಕೈ! ಬೆಳಿಗ್ಗೆ ಬೀಗ ಹಾಕಿದವಳು ನಾನೇ. ಅದು ತಿರುಪ್ಪೂರಿಗೆ ಹೋದರೆ ಸಸಿಗಳಿಗೆ ನೀರಿಲ್ಲ. ಕಿಟಕಿಯಿಂದ ಕೈ ಹೊರಚಾಚಿ ತೋರಿಸಿ ಕೂಗಿದೆ. ತಿರುವಿನಲ್ಲಿ ನಿಂತಿದ್ದ ಚಿಕ್ಕಪ್ಪನಿಗೆ ಕಂಡಿತು.

ಅದೇನು ಹೊಳೆಯಿತೋ, ಅವರ ಎದುರಿಗೆ ಬರುವ ಮುಂಚೆಯೇ ಬಿಟ್ಟುಬಿಟ್ಟೆ. ಬೀಗದ ಕೈ ಬಾಗಿ ಹಾರಿ, ಟೀ ಅಂಗಡಿ ಎದುರು ಅವರು ನಿಂತಿದ್ದ ಜಾಗದಲ್ಲೇ ಬಿತ್ತು. ಆದರೆ ಚಿಕ್ಕಪ್ಪ ಅಲ್ಲಿರಲಿಲ್ಲ. ನನ್ನನ್ನು ಬಲ್ಲವರಲ್ಲವೇ, ಆಗಲೇ ಆಚೆ ಸರಿದು ಎರಡೂ ಕೈಯೊಡ್ಡಿ ನಿಂತಿದ್ದರು. ಬಸ್ಸು ದಾಟುವಾಗ ಅವರು ಖಾಲಿ ಕೈಗಳನ್ನು ನೋಡಿಕೊಳ್ಳುತ್ತಿದ್ದದ್ದು ಕಂಡಿತು.

ಸಂಜೆ ಫೋನ್ ಬಂತು. ಬೀಗದ ಕೈ ಸಿಕ್ಕಿತು, ಮೋಟಾರ್ ಹಾಕಿಯಾಯಿತು ಎಂದರು. ಆಮೇಲೆ, "ಅಮ್ಮಣಿ, ನೀ ಎಸೆದದ್ದು ಸರಿ. ನಾನು ನಿಂತದ್ದೇ ತಪ್ಪು" ಎಂದರು. ಅಷ್ಟು ಖುಷಿಯಾದ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. ನಾನಂತೂ ಆಫೀಸಿನವರಿಗೆಲ್ಲ ಹೇಳಿಕೊಂಡು ತಿರುಗಿದೆ. ಯಾರಿಗೂ ಏನೂ ತಿಳಿಯಲಿಲ್ಲ.

ತಿಂಗಳು ತುಂಬುವುದರೊಳಗೆ ಚಿಕ್ಕಪ್ಪ ಎದೆನೋವು ಬಂದು ಹೋಗಿಬಿಟ್ಟರು.

ಮೊನ್ನೆ ಊರಿಂದ ಹೊರಟಾಗ ಬಸ್ಸು ಹತ್ತಿಸಲು ಯಾರೂ ಬಂದಿರಲಿಲ್ಲ. ಬಸ್ಸು ತಿರುವಿನ ಹತ್ತಿರ ಬಂದಾಗ, ಟೀ ಅಂಗಡಿ ಇನ್ನೂ ದೂರವಿರುವಾಗಲೇ, ನನ್ನ ಕೈ ತಾನಾಗಿ ಕಿಟಕಿಯಾಚೆ ಎದ್ದಿತು. ಯಾರೋ ಇಳಿಯುವವರಿದ್ದಾರೆ ಎಂದುಕೊಂಡು ಕಂಡಕ್ಟರ್ ವಿಸಲ್ ಊದಿದ. ಬಸ್ಸು ಟೀ ಅಂಗಡಿ ಎದುರಿಗೇ ಸರಿಯಾಗಿ ಹೋಗಿ ನಿಂತಿತು. ಇಳಿಯುತ್ತೀರಾ ಅಮ್ಮ ಎಂದು ಕೇಳಿದ. ಇಲ್ಲಣ್ಣಾ, ಯಾರೂ ಇಲ್ಲ, ಹೋಗಲಿ ಎಂದೆ.